ಖರೀದಿದಾರರ ಕಾಲಂ

ಧಾರಾವಿ, ಮುಂಬೈ
16 ಜುಲೈ 2025

ಪ್ರೀತಿಯ ತಮ್ಮ ಮುಶರಫನಿಗೆ ನಿನ್ನ ಆಪಾಳ ಸಲಾಮು.

ನೀನು ಕಳಿಸಿದ ರಿಪೋರ್ಟ್ ನೋಡಿದೆ, ಸಕ್ಕರೆ ಸ್ವಲ್ಪ ಇಳಿದಿದೆ. ಆದರೂ ಶಾರ್ಜಾದ ಬಿಸಿಲಿನಲ್ಲಿ ಬರಿಹೊಟ್ಟೆಯಲ್ಲಿ ತಿರುಗಬೇಡ, ಗುಳಿಗೆ ತಪ್ಪಿಸಬೇಡ. ಮಳೆಗೆ ನನ್ನ ಮೊಣಕಾಲು ಹಟ ಹಿಡಿದಿದೆ. ಲೋಕಲ್ ರೈಲು ಹತ್ತುವಾಗ ಮಾತ್ರ ಹಟ ಬಿಡುತ್ತದೆ.

ಈಗ ನಿನ್ನ ಮಗಳ ವಿಷಯ. ದಿಲನಾಜ ಇಲ್ಲಿ ನನ್ನ ಮನೆಯಲ್ಲೇ ಕೂತು ಬರೆದು, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟ ಪ್ರೋಗ್ರಾಂ ಗೊತ್ತಲ್ಲ, ಆಸ್ಪತ್ರೆ ಕಾಗದಗಳಿಗೆ ಫೋನಿನಲ್ಲೇ ಬೀಗ ಹಾಕುವಂಥದ್ದು? ಅವಳ ಗೋರೆಗಾಂವ್ ಆಫೀಸಿನ ಸಾಹೇಬ ರಮಾನಾಥ, ಬೀಗದ ಪ್ರೋಗ್ರಾಂ ಪರದೇಶಕ್ಕೆ ಹೋದರೆ ರಫ್ತು ಕಾನೂನಿಗೆ ಸಿಕ್ಕಿಬೀಳುತ್ತೀಯ, ಶುಕ್ರವಾರದೊಳಗೆ ಅಳಿಸು, ಇಲ್ಲವಾದರೆ ಕೆಲಸ ಬಿಡು ಎಂದನಂತೆ. ನೀನೂ ಫೋನಿನಲ್ಲಿ, "ಅಳಿಸಿಬಿಡು ಬೇಟಾ, ನಮಗ್ಯಾಕ ಬೇಕ ಈ ಉಸಾಬರಿ" ಅಂದೆ. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೂವತ್ತು ವರ್ಷ ದಾದರಿನ ಆಫೀಸಿನಲ್ಲಿ ಕೂತು ಇಲ್ಲಿನ ಚರ್ಮದ ಬ್ಯಾಗುಗಳ ರಫ್ತು ಕಾಗದ ಬರೆದವಳು ನಾನು. ನಾಲ್ಕನೇ ಇಯತ್ತೆ ಕಲಿತವಳೆಂದು ನಕ್ಕವರೆಲ್ಲ ನನ್ನ ಕಡೆಯಿಂದಲೇ ತಪ್ಪು ತಿದ್ದಿಸಿಕೊಂಡು ಹೋಗಿದ್ದಾರೆ. ಹಳೆಯ ರೂಢಿಯಂತೆ ಇದಕ್ಕೂ ಒಂದು ಫೈಲು ಮಾಡಿದೆ. ಪೆಟ್ಟಿಗೆ ಎಷ್ಟು? ಸೊನ್ನೆ. ತೂಕ? ಅದೂ ಸೊನ್ನೆ. ಖರೀದಿದಾರ ಯಾರು ಎಂಬ ಕಾಲಂನಲ್ಲಿ ಪೆನ್ನು ನಿಂತಿತು. ಕೊಂಡವರೇ ಇಲ್ಲವಲ್ಲ! ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಗಂಟು ಬಿಚ್ಚಿದ್ದು ಅಲ್ಲೇ. ಇಬ್ಬರೂ ಕೂತು ಇಲ್ಲಿನ ನಿಯಮ, ಪ್ರೋಗ್ರಾಂ ಇಟ್ಟ ವೆಬ್‌ಸೈಟು ಅಮೆರಿಕದ್ದಾದ್ದರಿಂದ ಅಲ್ಲಿನ ನಿಯಮ, ಎರಡನ್ನೂ ಓದಿದೆವು. ಎಲ್ಲರಿಗೂ ಗೊತ್ತಿರುವ ಬೀಗದ ವಿದ್ಯೆಯನ್ನೇ ಬಳಸಿ, ಪ್ರೋಗ್ರಾಮಿನ ಒಳಗಿನ ಬರಹವನ್ನೆಲ್ಲ ಬಹಿರಂಗವಾಗಿ ಇಟ್ಟವರಿಗೆ ಪರವಾನಗಿ ಬೇಡ ಎಂದು ಎರಡರಲ್ಲೂ ಇದೆ; ದಿಲನಾಜ ಮಾಡಿದ್ದೂ ಅಷ್ಟೇ.

ನಿನ್ನೆ ಅವಳ ಜೊತೆ ಹೋಗಿ ಆ ನಿಯಮಗಳ ಹಾಳೆಗಳನ್ನು ರಮಾನಾಥನ ಮೇಜಿನ ಮೇಲಿಟ್ಟೆ. "ಆಜಿ, ನಿಮಗೆ ಇದೆಲ್ಲ ತಿಳಿಯೋದಿಲ್ಲ" ಅಂದ. "ತಿಳದಾಂವ ನೀನ. ಕಾನೂನಿನ ಯಾವ ಕಲಮಿನ ಪ್ರಕಾರ ತಪ್ಪು ಅಂತ ಬರದು ಸಹಿ ಹಾಕಿ ಕೊಡಪಾ" ಅಂದೆ. ಪೆನ್ನು ಮುಟ್ಟಲಿಲ್ಲ. "ಶುಕ್ರವಾರ ನೋಡೋಣ" ಅಂದ. ನೋಡಲಿ. ನಾವಂತೂ ಅಳಿಸುವುದಿಲ್ಲ. ಕೆಲಸ ಹೋದರೆ ಹೋಗಲಿ. ಧಾರಾವಿಯಲ್ಲಿ ಕಲಿತ ಕೈ ಖಾಲಿ ಕೂತದ್ದನ್ನು ನಾನು ಕಂಡಿಲ್ಲ.

ಅಲ್ಲಾಹ್ ನಿನ್ನನ್ನು ನೆರಳಿನಲ್ಲಿಟ್ಟಿರಲಿ.

ನಿನ್ನ
ರಹೀಮಾ ಆಪಾ

ತಾ.ಕ.: ನಿಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಯಾರೂ ನೋಡಬಾರದೆಂದು ಸಕ್ಕರೆಯ ರಿಪೋರ್ಟಿಗೆ ಬೀಗ ಹಾಕಿ ಕಳಿಸಿದೆಯಲ್ಲ, ಅದು ಯಾರು ಮಾಡಿದ ಬೀಗ? ಖರೀದಿದಾರರ ಕಾಲಂನಲ್ಲಿ "ಬೇಕಾದವರು" ಎಂದು ಬರೆದು, ಮೊದಲ ಹೆಸರು ನಿನ್ನದೇ ಹಾಕಿದ್ದೇನೆ: ಮುಶರಫ, ಶಾರ್ಜಾ. ಅಳಿಸಲೇಬೇಕೆಂದರೆ ಮೊದಲು ನಿನ್ನ ಫೋನಿನಿಂದ ಅಳಿಸು, ಆಮೇಲೆ ಮಗಳಿಗೆ ಹೇಳು.