ಶನಿವಾರದ ಬಸ್ಸು

ಪ್ರೀತಿಯ ಪಪ್ಪಾ,

ಶನಿವಾರದ ಮ್ಯಾಚ್ ನೋಡಲು ದುಬೈಯ ಕರಾಮದಿಂದ ನಮ್ಮ ಚರ್ಚಿನವರನ್ನೆಲ್ಲ ಬಸ್ಸು ಮಾಡಿಕೊಂಡು ಅಬುಧಾಬಿಗೆ ಕರೆತರಬೇಡಿ. "ಸಂಬಳ ತಕ್ಕೊಂಡು ಐಸ್‌-ಹಾಕಿ ಆಟ ಆಡುವ ಮಂಗಳೂರಿನವ ನನ್ನ ಮಗ ಒಬ್ಬನೇ" ಎಂದು ಇನ್ನು ಯಾರಿಗೂ ಹೇಳಬೇಡಿ. ಡಿಸೆಂಬರಿನಲ್ಲೇ ಪೆಟ್ಟಾದ ನನ್ನ ಮೊಣಕಾಲು ನೋಡಿ ಕೋಚ್ "ಆಟ ಖಲಾಸ್" ಎಂದರು. ವೀಸಾ ಉಳಿಯಲೆಂದು ನಾನು ಆಡುತ್ತಿದ್ದ ಅದೇ ಐಸ್ ರಿಂಕಿನಲ್ಲಿ ಬೇರೆ ಕೆಲಸ ಕೊಟ್ಟಿದ್ದಾರೆ. ಮನೆಯಲ್ಲಿ ದೇವರ ಅಲ್ತಾರಿನ ಪಕ್ಕ ತೂಗುಹಾಕಿದ ನನ್ನ ಜೆರ್ಸಿಯನ್ನು ತೆಗೆದಿಡಲು ಮಮ್ಮಿಗೆ ಹೇಳಿ. ಆ ನಂಬರು ಈಗ ಬೇರೊಬ್ಬನದು.

ಬಸ್ಸಿಗೆ ಆಗಲೇ ಹೇಳಿಯಾಗಿದ್ದರೆ ಬನ್ನಿ, ಆದರೆ ಆಟಗಾರರಲ್ಲಿ ನನ್ನನ್ನು ಹುಡುಕಬೇಡಿ. ವಿರಾಮದಲ್ಲಿ ಎಲ್ಲರೂ ಚಾ ಕುಡಿಯಲು ಎದ್ದು ಹೋಗುತ್ತಾರೆ. ನೀವು ಮಾತ್ರ ಕೂತೇ ಇರಿ. ಐಸನ್ನು ನಯಮಾಡುವ ಗಾಡಿ ಓಡಿಸಿಕೊಂಡು ಆಗ ನಾನು ಬರುತ್ತೇನೆ.

ನಿಮ್ಮ
ರೋಯ್ಸ್ಟನ್