ಮೈಯಂಗಳದ ನಡುವೆ ಏನನ್ನೂ ಇಡಬೇಡಿ

ಗದಗ, ಗಾಳಿಪೇಟೆ
ಫೆಬ್ರುವರಿ ೩೧, ೨೧೯೪

ಜಿಮ್ ತೆರೆಯಲು ಜಾಗ ಹುಡುಕುತ್ತಿರುವ ನಮ್ಮ ಹಿರಿಯರಿಗೆ ಚನ್ನವೀರಪ್ಪ ಸೊರಟೂರನ ಶರಣು ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಹಂಚಿ ಸರಿಮಾಡುವಾಗ ಫೆಬ್ರುವರಿಗೂ ಅದರ ಪಾಲು ಕೊಟ್ಟರು. ಪಾಪ, ಎಷ್ಟು ಶತಮಾನ ಅದು ಕಡಿಮೆ ದಿನಗಳಲ್ಲೇ ಸಂಸಾರ ತೂಗಿಸಿತ್ತು. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಇಂಗ್ಲಿಷನ್ನು ನಾವು ಕಾಲೇಜಿನಲ್ಲಿ ಹಳೆಯ ಭಾಷೆಯೆಂದು ಓದಿದವರು. ನನಗೆ ಅದರಲ್ಲಿ ಅರ್ಧ ನೆನಪಿದೆ. ಉಳಿದರ್ಧ ನನ್ನ ಹೆಂಡತಿ ಅನಸೂಯಾಗೆ ನೆನಪಿತ್ತು, ಅವಳು ಹೋಗಿ ನಾಲ್ಕು ವರ್ಷವಾಯಿತು. ಹಿರಿಯರಿಗೆ ಬರೆಯುವಾಗ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ತೊಡಗಬೇಕಂತೆ. ತೊಡಗಿದ್ದೇನೆ ಎಂದೇ ತಿಳಿಯಿರಿ.

ಇಲ್ಲಿ ನಾವೆಲ್ಲ ಆಸರಂಗಿ ತೊಡುತ್ತೇವೆ. ಆಸರೆ ಕೊಡುವ ಅಂಗಿ, ಬೇರೇನಲ್ಲ. ತೊಟ್ಟವನನ್ನು ಅದೇ ಕೂರಿಸುತ್ತದೆ, ಅದೇ ಏಳಿಸುತ್ತದೆ, ಸಂತೆಯಿಂದ ಜೋಳದ ಚೀಲವನ್ನೂ ಅದೇ ಹೊತ್ತು ತರುತ್ತದೆ. ಮದುವೆಯ ಊಟದ ಪಂಕ್ತಿ ಒಮ್ಮೆಗೇ ಎದ್ದರೆ ಅಂಗಿಗಳೆಲ್ಲ ಸೇರಿ ಜೇನುಹುಟ್ಟು ಕಲಕಿದಂತೆ ಗುಂಯ್‌ಗುಡುತ್ತವೆ. ಅನ್ನಲಿಕ್ಕೆ ಸುಖವೇ. ಆದರೆ ವರ್ಷ ತುಂಬದ ಕೂಸನ್ನು ಆಸರಂಗಿ ತೊಟ್ಟ ಕೈ ಮುಟ್ಟುವಂತಿಲ್ಲ. ಜೋಳದ ಚೀಲಕ್ಕೂ ಕೂಸಿಗೂ ಇರುವ ಭೇದ ಅದಕ್ಕೆ ಇನ್ನೂ ತಿಳಿದಿಲ್ಲ. ಅಂಗಿ ಕಳಚೋಣವೆಂದರೆ ಹರೆಯದವರು ಹೇಗೋ ನಿಲ್ಲುತ್ತಾರೆ, ನಮ್ಮಂಥವರ ಮೊಣಕಾಲು ಅಲ್ಲೇ ಶರಣಾಗುತ್ತದೆ. ಹೀಗಾಗಿ ಅಜ್ಜ ಅಜ್ಜಿಯರೆಲ್ಲ ಬಾಗಿಲಲ್ಲಿ ನಿಂತು ಮೊಮ್ಮಕ್ಕಳಿಗೆ ಚಪ್ಪಾಳೆ ತಟ್ಟುವವರು. ಅನಸೂಯಾ ನಮ್ಮ ಮೊದಲ ಮೊಮ್ಮಗನನ್ನು ಹಾಗೆಯೇ ನೋಡಿದಳು. ವರ್ಷ ತುಂಬುವಷ್ಟರಲ್ಲಿ ಆ ಪೋರ ಓಡಲು ಕಲಿತ. ಆಮೇಲೆ ಯಾರ ಕೈಗೆ ಸಿಕ್ಕಾನು?

ಕಳೆದ ಮಳೆಗಾಲದಲ್ಲಿ ಮಗನಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯದಲ್ಲಿ ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಡಬೇಕು, ಆಚೆ ಕುಕ್ಕರಗಾಲಲ್ಲಿ ಕೂತ ಸೋದರತ್ತೆ ತೆಗೆದುಕೊಂಡು, ಎದ್ದು ನಿಂತು, ಕಿವಿಯಲ್ಲಿ ಹೆಸರು ಹೇಳಬೇಕು. ನನಗೆ ಹೆಣ್ಣುಮಕ್ಕಳಿಲ್ಲ. ಆ ಹಕ್ಕು ನನ್ನ ತಂಗಿ ದಾಕ್ಷಾಯಣಿಗೆ ಬಂತು. ಅವಳಿಗೆ ಎಪ್ಪತ್ತು ದಾಟಿದೆ. ಇತ್ತೀಚೆಗೆ ಎಲ್ಲರೂ ಯಂತ್ರದ ತೊಟ್ಟಿಲಲ್ಲಿ ಗುಂಡಿ ಒತ್ತಿ ಈ ಶಾಸ್ತ್ರ ಮುಗಿಸುತ್ತಾರೆ. ಮಗನೂ ಅದನ್ನೇ ತರಿಸುತ್ತೇನೆಂದ. ದಾಕ್ಷಾಯಣಿ ಸೊಂಟದ ಮೇಲೆ ಕೈಯಿಟ್ಟಳು.

“ಗುಂಡಿ ಒತ್ತಾಕ ನಾ ಯಾಕಪ್ಪಾ ಬೇಕು? ಬೆಕ್ಕೂ ಒತ್ತತೈತಿ. ನನ್ನ ಕೈಯಾಗ ಕೂಸು ಕೊಡ್ರಿ, ಇಲ್ಲಾಂದ್ರ ಆ ಬೆಕ್ಕಿಗೇ ಅತ್ತಿ ಅನ್ನಿರಿ.”

ತೊಟ್ಟಿಲ ಕಾರ್ಯವನ್ನು ಸಂಕ್ರಾಂತಿಯ ಆಚೆಗೆ ಇಟ್ಟುಕೊಂಡೆವು. ಅಷ್ಟರೊಳಗೆ ಅಂಗಿಯಿಲ್ಲದೆ ಕೂತು ಏಳಲು ಕಲಿಯಬೇಕು. ಆದರೆ ಎಲ್ಲಿ? ನಮ್ಮ ಊರಲ್ಲಿ ವ್ಯಾಯಾಮದ ಮನೆಯೇ ಉಳಿದಿರಲಿಲ್ಲ. ಗಾಳಿಯಂತ್ರದ ರೆಕ್ಕೆಗಳನ್ನಿಡುತ್ತಿದ್ದ ಉಗ್ರಾಣವೊಂದು ಪಾಳುಬಿದ್ದಿತ್ತು. ಉದ್ದ, ಎತ್ತರ, ನಡುವೆ ಕಂಬವಿಲ್ಲ. ಪೇಟೆಯವರನ್ನು ಕಾಡಿ ಬೇಡಿ ಅದನ್ನು ಪಡೆದೆವು. ನೀವು ‘ಫಂಕ್ಷನಲ್ ಟ್ರೇನಿಂಗ್ ಏರಿಯಾ’ ಎನ್ನುತ್ತೀರಲ್ಲ, ಅದಕ್ಕೆ ನಾವು ಮೈಯಂಗಳ ಎಂದು ಹೆಸರಿಟ್ಟೆವು. ಒಂದೊಂದೇ ಸ್ನಾಯುವನ್ನು ಕೂಡಿಹಾಕಿ ದುಡಿಸುವ ಜಾಗವಲ್ಲ. ಬಗ್ಗುವುದು, ಎತ್ತುವುದು, ಹೊರುವುದು, ತಿರುಗುವುದು, ನೆಲದಿಂದ ಏಳುವುದು, ಇವನ್ನು ಇಡೀ ಮೈಗೆ ಮರಳಿ ಕಲಿಸುವ ಅಂಗಳ.

ಕಲಿಸಲು ಬಂದವಳು ಕಸ್ತೂರಿ ಗಾಣಿಗೇರ, ಕಾಲುಳುಕಿದವರನ್ನು ನಡೆಸುವ ವಿದ್ಯೆ ಓದಿದ ಗಟ್ಟಿ ಹೆಂಗಸು. ಅವಳು ಬರುವ ಮೊದಲೇ ನಾವು ಉತ್ಸಾಹದಲ್ಲಿ ಸಾಮಾನು ತುಂಬಿಬಿಟ್ಟಿದ್ದೆವು. ಹತ್ತುವ ಪೆಟ್ಟಿಗೆಗಳು, ಹಿಡಿಕೆಯ ಗುಂಡುಗಳು, ಮರಳುಚೀಲ, ದಪ್ಪ ಹಗ್ಗ, ಎಳೆಯುವ ರಬ್ಬರ್ ಪಟ್ಟಿ, ಯಾರದೋ ಮನೆಯ ಒರಳುಗುಂಡು, ಎಲ್ಲ ಮದುವೆಯ ಉಡುಗೊರೆಯಂತೆ ನಟ್ಟನಡುವೆ ಪೇರಿಸಿದ್ದೆವು. ಕಸ್ತೂರಿ ಬಾಗಿಲಲ್ಲೇ ನಿಂತಳು.

“ಕಾಕಾ, ಅಂಗಡಿ ಭಾಳ ಛಲೋ ಐತ್ರಿ. ಮಂದಿ ಎಲ್ಲಿ ನಿಂದರಬೇಕು?”

ಸ್ಪೇಸ್ ಈಸ್ ಆಲ್ಸೋ ಆ್ಯನ್ ಎಕ್ವಿಪ್‌ಮೆಂಟ್ ಅಂದರೆ ಖಾಲಿ ಜಾಗವೂ ಒಂದು ಸಾಮಾನೇ, ಎಂದು ನಾನು ಆಗಲೇ ಅಂದೆ. ಅವಳ ಮುಖ ನೋಡಿದ ಮೇಲೆ ಅಂದೆ ಎನ್ನುವುದನ್ನೂ ಒಪ್ಪಬೇಕು. ಎಲ್ಲವನ್ನೂ ಗೋಡೆಗೆ ಸರಿಸಿದೆವು. ಭಾರದ ಸಾಮಾನು ಹಿಂಗೋಡೆಗೆ, ಅದರಡಿ ಮಾತ್ರ ದಪ್ಪ ರಬ್ಬರ್, ಗುಂಡು ಬಿದ್ದರೂ ಪಕ್ಕದ ಮನೆಯವರ ನಿದ್ದೆ ಕೆಡಬಾರದು. ಹಗುರದ್ದು ಬಾಗಿಲ ಬಳಿ, ಹೊಸಬರ ಕೈಗೆ ಮೊದಲು ಸಿಗುವುದು ಅದೇ ಇರಲಿ ಎಂದು. ಜೋತಾಡುವ ಸರಳು ಮತ್ತು ಹಗ್ಗ ಮಾಡಿನ ತೊಲೆಗೆ, ತಲೆ ತಾಗದ ಕಡೆ. ಚೀಲ ಹೊತ್ತು ನಡೆಯಲು ಒಂದು ಉದ್ದನೆಯ ದಾರಿ, ಅದಕ್ಕೆ ಯಾರೂ ಅಡ್ಡ ಬರುವಂತಿಲ್ಲ. ಕನ್ನಡಿ ಒಂದೇ ಗೋಡೆಗೆ ಸಾಕೆಂದಳು. ಸರಿಯಾಗಿಯೇ ಅಂದಳು, ಏಕೆಂದರೆ ನಮ್ಮ ಬೀದಿಯ ಮಾಬೂಬಿ, ದಾಕ್ಷಾಯಣಿಯ ಜೀವದ ಗೆಳತಿ, ಆ ಒಂದು ಕನ್ನಡಿಯ ಮುಂದೆಯೇ ದಿನಾ ಸೆರಗು ಸರಿಮಾಡುತ್ತ ಅರ್ಧ ಪಾಠ ಕಳೆಯುತ್ತಿದ್ದಳು. ಕುರ್ಚಿಯನ್ನಂತೂ ಕಸ್ತೂರಿ ಒಳಗೇ ಬಿಡಲಿಲ್ಲ. ಕುರ್ಚಿ ಕಂಡರೆ ನಮ್ಮ ಜನಕ್ಕೆ ಮಾತು ನೆನಪಾಗುತ್ತದೆ. ನಡುವಿನ ನೆಲ, ಮೆತ್ತಗಿನ ಹಾಸು ಹಾಸಿ, ಪೂರಾ ಖಾಲಿ.

ಆ ಖಾಲಿ ನೆಲದ ಮೇಲೆ ಗುರುತು ಬೇಕೆಂದಳು ಕಸ್ತೂರಿ. ಕಾಲಿಡಲು ಏಣಿಯಂಥ ಮನೆಗಳು, ತಿರುಗಲು ವೃತ್ತ, ಜಿಗಿಯಲು ಅಡ್ಡಗೆರೆ. ನಾನು ಆ ಕೆಲಸವನ್ನು ದಾಕ್ಷಾಯಣಿಗೂ ಮಾಬೂಬಿಗೂ ವಹಿಸಿದೆ. ಇಬ್ಬರಿಗೂ ಎಷ್ಟೋ ವರ್ಷಗಳ ನಂತರ ಕೈಗೆ ಬಿಳಿ ಬಣ್ಣ ಸಿಕ್ಕಿತ್ತು. ಏಣಿಯ ಎರಡೂ ಬದಿಗೆ ಬಳ್ಳಿ ಹಬ್ಬಿತು. ವೃತ್ತ ಕಮಲವಾಯಿತು, ಅಡ್ಡಗೆರೆಯ ಮೇಲೆ ಗಿಳಿಗಳು ಕೂತವು, ಮಾಬೂಬಿ ಮೂಲೆಗೊಂದು ಚಂದ್ರನನ್ನೂ ತಂದಳು. ಕಣ್ಣು ತುಂಬುವಂತಿತ್ತು.

ಮರುದಿನ ಬೆಳಿಗ್ಗೆ ಜನ ಬಂದರು, ಚಪ್ಪಲಿ ಬಿಟ್ಟರು, ಗೋಡೆ ಹಿಡಿದು ಸುತ್ತು ಹಾಕಿದರು, ಹೊರಟುಹೋದರು. ಅದರ ಮರುದಿನವೂ ಹಾಗೇ. ನಡುವೆ ಒಬ್ಬರೂ ಹೆಜ್ಜೆಯಿಡಲಿಲ್ಲ. ರಂಗೋಲಿಯನ್ನು ಯಾರು ತುಳಿಯುತ್ತಾರೆ ಹೇಳಿ! ಇಷ್ಟು ಶತಮಾನ ಕಳೆದು, ತಿಂಗಳು ಬದಲಾಗಿ, ಮೈಮೇಲಿನ ಬಟ್ಟೆಯೇ ನಡೆದಾಡುವ ಕಾಲ ಬಂದರೂ ನಮ್ಮವರ ಕಾಲಿಗೆ ಅದೊಂದು ಮರೆತಿಲ್ಲ. ಒಬ್ಬ ತಾಯಿ ಕಮಲದ ನಡುವೆ ಸೇವಂತಿಗೆ ಇಟ್ಟು ಕೈಮುಗಿದಳು. ಕಸ್ತೂರಿ ತಲೆಯ ಮೇಲೆ ಕೈ ಹೊತ್ತಳು. “ಕಾಕಾ, ನಾ ಕಲಿಸಾಕ ಬಂದೇನೋ, ಪೂಜಾರಿಕಿ ಮಾಡಾಕ ಬಂದೇನೋ ಹೇಳ್ರಿ.” ಅಳಿಸೋಣವೆಂದರೆ ಅದಕ್ಕೂ ಯಾರಿಗೂ ಕೈ ಬರಲಿಲ್ಲ. ಇತ್ತ ತೊಟ್ಟಿಲ ಕಾರ್ಯದ ದಿನ ಹತ್ತಿರ ಬರುತ್ತಿತ್ತು, ತಂಗಿಗೆ ಇನ್ನೂ ಕೂತಲ್ಲಿಂದ ಏಳಲು ನಾಲ್ಕು ಕೈ ಬೇಕಾಗಿತ್ತು. ಮಗ ಯಂತ್ರದ ತೊಟ್ಟಿಲಿನ ಬೆಲೆ ವಿಚಾರಿಸಿ ಬಂದ.

ಆ ಸುದ್ದಿ ಕೇಳಿದ ಸಂಜೆ ದಾಕ್ಷಾಯಣಿ ಎಲ್ಲರ ಮುಂದೆ ಆಸರಂಗಿ ಕಳಚಿ ಮೊಳೆಗೆ ತೂಗುಹಾಕಿದಳು. “ಹಾಕಿದಾಕಿ ನಾನು, ತುಳಿಯಾಕಿನೂ ನಾನಽ,” ಎಂದವಳೇ ಹಂಚಿನ ಚೂರೊಂದನ್ನು ಏಣಿಯ ಮೊದಲ ಮನೆಗೆ ಎಸೆದಳು. ಸೀರೆ ಎತ್ತಿ ಕಟ್ಟಿ ಒಂಟಿಗಾಲಲ್ಲಿ ಕುಂಟಿದಳು. ಒಂದು ಮನೆ ದಾಟಿದಳು. ಎರಡನೆಯದರಲ್ಲಿ ದೊಪ್ಪೆಂದು ಬಿದ್ದಳು. ನಾನು ಧಾವಿಸಿದೆ. ಮೆತ್ತನೆಯ ಹಾಸಿನ ಮೇಲೆ ಗಿಳಿಗಳ ನಡುವೆ ಮಲಗಿ ಅವಳು ನಗುತ್ತಿದ್ದಳು.

“ಗೆರಿ ಮುಟ್ಟಿದಿ, ಔಟ್!” ಎಂದು ಮಾಬೂಬಿ ಕೂಗಿದಳು. “ಸರಿ, ನನ್ನ ಪಾಳಿ.”

“ನಿನ್ನ ಪಾಳಿ ಹೆಂಗಲೇ? ಮೊದಲು ನನ್ನ ಎಬ್ಬಸು!”

“ಎಬ್ಬಸಾಂಗಿಲ್ಲ. ಕಸ್ತೂರಿಬಾಯಾರು ಹೇಳ್ಯಾರ, ತಾನಽ ಏಳಬೇಕಂತ.”

ಪೂಜೆಯ ರಂಗೋಲಿ ಕುಂಟೆಬಿಲ್ಲೆಯ ಅಂಕಣವಾಯಿತು. ಅದನ್ನು ತುಳಿಯದಿದ್ದರೆ ಆಟವೇ ಇಲ್ಲವಲ್ಲ! ಮುಂದಿನ ವಾರದಲ್ಲಿ ಉಗ್ರಾಣದಲ್ಲಿ ಜಾಗ ಸಾಲದಾಯಿತು. ಕಸ್ತೂರಿ ಮರಳುಚೀಲಗಳನ್ನು ಕೂಸಿನ ತೂಕಕ್ಕೆ ಕಟ್ಟಿ, ತೊಲೆಯಿಂದ ಹಗ್ಗವೊಂದನ್ನು ಮಂಡಿಯೆತ್ತರಕ್ಕೆ ಇಳಿಬಿಟ್ಟು, ಅದರ ಕೆಳಗಿನಿಂದ ಚೀಲ ಕೊಟ್ಟು ತೆಗೆದುಕೊಳ್ಳುವುದನ್ನು ಕಲಿಸಿದಳು. ಚೀಲಗಳಿಗೆ ಹೆಸರು ಬಂತು, ತಲೆಗೆ ಕೂಸಿನ ಕುಲಾವಿ ಬಂತು. ಬೀಳಿಸಿದವರಿಗೆ “ನಿನ್ನ ಕೈಯಾಗ ಯಾರು ಕೊಟ್ಟಾರ ಕೂಸು” ಎಂದು ಮಂಗಳಾರತಿ. ನನಗೂ ಆಯಿತು, ಎರಡು ಸಲ.

ಹೋದ ವಾರ ನಮ್ಮ ಮನೆಯ ಹಳೆಯ ಮರದ ತೊಟ್ಟಿಲಲ್ಲೇ ಕಾರ್ಯ ನಡೆಯಿತು. ಬಂದ ನೆಂಟರೆಲ್ಲ ಆಸರಂಗಿಯವರು, ಎಡವಿದರೂ ಹಿಡಿಯುವಂತಿಲ್ಲ, ಕೈಕಟ್ಟಿ ಗೋಡೆಗೆ ನಿಂತಿದ್ದರು. ಅಂಗಿ ಕಳಚಿಟ್ಟ ಮಾಬೂಬಿ ಕೂಸನ್ನು ಕೆಳಗಿನಿಂದ ಕೊಟ್ಟಳು. ದಾಕ್ಷಾಯಣಿ ಕುಕ್ಕರಗಾಲಲ್ಲಿ ಕೂತು ತೆಗೆದುಕೊಂಡಳು, ಎದೆಗೆ ಒತ್ತಿಕೊಂಡಳು, ಏಳತೊಡಗಿದಳು. ಅರ್ಧಕ್ಕೆ ನಿಂತಳು. ತೊಡೆ ನಡುಗುವುದು ಸೀರೆಯ ಮೇಲೂ ಕಾಣುತ್ತಿತ್ತು. ಮಗ ಒಂದು ಹೆಜ್ಜೆ ಮುಂದೆ ಬಂದ. ನಾನು ಅವನ ತೋಳು ಹಿಡಿದೆ. ಅವಳು ಉಸಿರು ಬಿಟ್ಟಳು, ಒಂದು ಮೊಣಕಾಲು ಊರಿದಳು, ಮುಂಗಾಲಿಗೆ ಭಾರ ಕೊಟ್ಟಳು. ಎದ್ದು ನಿಂತಳು.

ಕೂಸಿನ ಕಿವಿಗೆ ಮೊದಲು ಬೀಳಬೇಕಾದದ್ದು ಅದರ ಹೆಸರು. ನಾವೆಲ್ಲ ಕೂಡಿ ಚಂದ್ರಕಲಾ ಎಂದು ಗೊತ್ತುಮಾಡಿದ್ದೆವು. ಆದರೆ ತಂಗಿ ಏದುಸಿರು ಬಿಡುತ್ತ ಬಾಗಿ, ಮನೆಯೆಲ್ಲ ಕೇಳುವಂತೆ ಹೇಳಿದ್ದು, “ಎದ್ದೆ ನೋಡಽ ನನ್ನವ್ವಾ!” ಹಿರಿಯ ಹೆಂಗಸರು ಬಾಯಿಗೆ ಕೈಯಿಟ್ಟರು. ಆಮೇಲೆ ಆ ಕೈಗಳ ಹಿಂದಿನಿಂದಲೇ ನಗು ಹೊರಟು ಇಡೀ ಮನೆ ಹಿಡಿಯಿತು. ಚಂದ್ರಕಲಾ ಎಂಬುದನ್ನು ಆಮೇಲೆ ಹೇಳಿದಳು, ಯಾರೂ ಕಿವಿಗೊಡಲಿಲ್ಲ. ಈಗ ಬೀದಿಯೆಲ್ಲ ಕೂಸನ್ನು ಕರೆಯುವುದು ಎದ್ದವ್ವ ಎಂದೇ.

ಹಿರಿಯರೇ, ನಿಮ್ಮ ಮೊಣಕಾಲು ಇನ್ನೂ ನಿಮ್ಮವೇ ಇರುವಾಗ ಒಂದು ಬೇಡಿಕೆ. ನಿಮ್ಮ ಜಿಮ್ಮಿಗೆ ಏನು ಬೇಕೋ ಕೊಳ್ಳಿ, ಗೋಡೆಗೆ ಒರಗಿಸಿ. ನಡುವಿನ ನೆಲ ಮಾತ್ರ ಖಾಲಿ ಬಿಡಿ, ಬಿದ್ದವರಿಗೆ ನೋಯದ ಹಾಗೆ ಮೆತ್ತಗಿರಲಿ. ಅಲ್ಲಿ ದಿನಕ್ಕೊಮ್ಮೆ ಕೂತು, ಯಾರ ಕೈಯೂ ಹಿಡಿಯದೆ ಏಳಿ.

ಇನ್ನೂ ಬರೆಯುವುದಿತ್ತು. ಆದರೆ ಎದ್ದವ್ವ ನನ್ನ ತೊಡೆಯ ಮೇಲಿದ್ದಾಳೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಆ ಕೈಯ ಬೆರಳೂ ಈಗ ಅವಳಿಗೆ ಬೇಕಂತೆ.

ಚನ್ನವೀರಪ್ಪ