ಗೋಡೆಯ ಮೇಲಿನ ಪೆನ್ಸಿಲ್ ಗುರುತು

ಪುಟ್ಟಿ,

ನಿನ್ನಣ್ಣನ ಅಂತ್ಯಕ್ರಿಯೆಗೆ ಬಂದವರೆಲ್ಲ ನಿನ್ನೆ ಹೊರಟುಹೋದರು. ಇವತ್ತು ಮಾಮೂಲಿ ಬೆಳಗು. ನಲ್ಲಿಯಲ್ಲಿ ನೀರು ಬಂತು, ತುಂಬಿಟ್ಟಿದ್ದೇನೆ. ಊಟ ಮುಚ್ಚಿಟ್ಟಿದೆ. ರುಚಿ ಹತ್ತದಿದ್ದರೂ ನಾಲ್ಕು ತುತ್ತು ತಿನ್ನು.

ಹಜಾರದಲ್ಲಿ ಶೆಲ್ಫ್ ಕೂರಿಸುತ್ತೇನೆಂದು ನಿನ್ನಣ್ಣ ಬಡಗಿಯಿಂದ ಡ್ರಿಲ್ಲಿಂಗ್ ಮೆಷಿನ್ ತಂದು ನಾಲ್ಕು ತಿಂಗಳಾಯಿತು. ಗೋಡೆಗೆ ಪೆನ್ಸಿಲ್ ಗುರುತು ಹಾಕಿದರು, ಅಷ್ಟೇ. ಕೇಳಿದಾಗಲೆಲ್ಲ "ನಾಳೆ ಮಾಡ್ತೀನಿ ಕಣೇ" ಅನ್ನುತ್ತಿದ್ದರು. ನೀನು "ನಾಳೆರಾಯ" ಎಂದು ಹೆಸರಿಟ್ಟೆ. ನಾನೂ ನಕ್ಕೆ. ನಸುಕಿಗೇ ಎಚ್ಚರಾಗಿ ಸುಮ್ಮನೆ ಕೂರುತ್ತಿದ್ದದ್ದು, ಊಟ ಸೇರದ್ದು, ಗೆಳೆಯರ ಫೋನ್ ಎತ್ತದ್ದು, ಎಲ್ಲ ನಮ್ಮ ಕಣ್ಣೆದುರೇ ಇತ್ತು. ಓದಿದವಳು ನಾನು. ನಾನೂ ಸೋಮಾರಿತನ ಅಂದುಕೊಂಡೆ. ಅದು ಖಿನ್ನತೆ. ಅವರ ಜೀವ ತೆಗೆದದ್ದೂ ಅದೇ.

ನಿನ್ನನ್ನು ದೂರುತ್ತಿಲ್ಲ. ಆದರೆ ನೀನು ಎರಡು ತಿಂಗಳಿಂದ ಹೊಲಿಗೆ ಮೆಷಿನ್ನಿನ ಮುಸುಕು ತೆಗೆದಿಲ್ಲ. ಬಟ್ಟೆ ಕೊಟ್ಟವರಿಗೆ "ನಾಳೆ ಬನ್ನಿ" ಅನ್ನುತ್ತೀಯ. ಅಣ್ಣ ಹೋದ ದುಃಖ ಮಾತ್ರವಲ್ಲ ಇದು, ಅದಕ್ಕೂ ಮುಂಚೆ ಶುರುವಾಗಿತ್ತು. ಈ ಸಲ ನಾನು ನಗುವುದಿಲ್ಲ.

ಇವತ್ತು ಸಂಜೆ ನಾಲ್ಕು ಗಂಟೆಗೆ ಮನೋವೈದ್ಯರಲ್ಲಿ ನಿನ್ನ ಹೆಸರು ಬರೆಸಿದ್ದೇನೆ. "ನಾಳೆ ಹೋಗೋಣ ಅತ್ತಿಗೆ" ಅನ್ನಬೇಡ. ತಲೆ ಬಾಚದಿದ್ದರೂ ಪರವಾಗಿಲ್ಲ, ನಾನೇ ಬಾಚುತ್ತೇನೆ. ಒಬ್ಬಳೇ ಇರಲಾಗದಿದ್ದರೆ ಪಕ್ಕದ ಮನೆಯ ಟೀಚರ್ ಬಾಗಿಲು ತಟ್ಟು. ಅವರಿಗೆ ಹೇಳಿದ್ದೇನೆ.

ಡ್ರಿಲ್ಲಿಂಗ್ ಮೆಷಿನ್ ಬಡಗಿಗೆ ವಾಪಸ್ ಕೊಟ್ಟು ಬೇಗ ಬರುತ್ತೇನೆ. ಯಾಕಿಷ್ಟು ತಡ ಎಂದು ಕೇಳಿದರೆ, ನಿನ್ನಣ್ಣನಿಗೆ ಹುಷಾರಿರಲಿಲ್ಲ ಎನ್ನುತ್ತೇನೆ.

ಅತ್ತಿಗೆ